ಬ್ಯಾರನ್ನಿನಲ್ಲಿ ಒಣಗಿದ ಸೀರೆ

ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎಂಬ ಗಾದೆ ಕಟ್ಟಿದವರು ಯಾರೋ ನನಗೆ ಗೊತ್ತಿಲ್ಲ. ಯಾರೇ ಆಗಲಿ, ಅವರು ಕೆಲಸಕ್ಕೆ ಸೈಕಲ್ ತುಳಿದುಕೊಂಡು ಹೋದವರಲ್ಲ ಎಂಬುದಂತೂ ಖಂಡಿತ. ಗಣಿತದ ಉತ್ತರಪತ್ರಿಕೆಗಳ ಚೀಲವನ್ನು ಹ್ಯಾಂಡಲಿಗೆ ನೇತುಹಾಕಿ, ಸೀರೆಯ ನೆರಿಗೆಯನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಬಿಗಿದು, ಎದುರುಗಾಳಿಗೆ ಮುಖ ಕೊಟ್ಟು ಕೆರೆ ಏರಿಯ ಮೇಲೆ ಹೋಗುತ್ತಿರುವಾಗ ಮಳೆ ಬಂದರೆ ಕೇಡೋ ಅಲ್ಲವೋ ಎಂದು ನನ್ನನ್ನು ಕೇಳಬೇಕು. ಮಗ ಉಂಡರೆ ಕೇಡಲ್ಲ ಎಂಬುದನ್ನು ಬೇಕಾದರೆ ಒಪ್ಪುತ್ತೇನೆ. ನನ್ನ ಮಗ ಮೈಸೂರಿನ ಹಾಸ್ಟೆಲಿನಲ್ಲಿ ಉಣ್ಣುತ್ತಾನೆ. ಅದರಿಂದ ಏನಾದರೂ ಕೇಡಾಗುವುದಿದ್ದರೆ ಹಾಸ್ಟೆಲಿನವರಿಗೆ.

ನಾನಿರುವುದು ಅರಕಲಗೂಡಿನಲ್ಲಿ. ಕೆಲಸ ಅಲ್ಲಿಂದ ಏಳು ಕಿಲೋಮೀಟರ್ ದೂರದ ಹಳ್ಳಿಯ ಹೈಸ್ಕೂಲಿನಲ್ಲಿ. ನಮ್ಮ ಸೀಮೆಯ ಹವಾಮಾನದ ಬಗ್ಗೆ ಎರಡು ಮಾತು ಹೇಳದೆ ಮುಂದಿನ ಕತೆ ನಿಮಗೆ ಅರ್ಥವಾಗುವುದಿಲ್ಲ. ಪಡುವಲಿಗೆ ತಿರುಗಿದರೆ ಮಲೆನಾಡಿನ ಮೋಡ, ಮೂಡಲಿಗೆ ತಿರುಗಿದರೆ ಚನ್ನರಾಯಪಟ್ಟಣದ ಕಡೆಯ ಬಿಸಿಲು. ಎರಡೂ ಸರಿಯಾಗಿ ನಮ್ಮೂರ ನೆತ್ತಿಯ ಮೇಲೆ ಬಂದು ಗಡಿ ತಕರಾರು ಮಾಡುತ್ತವೆ. ಅಂಗಳದಲ್ಲಿ ಬಿಸಿಲಿದೆಯೆಂದು ಹೊರಟರೆ ಪೆಟ್ರೋಲ್ ಬಂಕಿನ ಹತ್ತಿರ ತುಂತುರು. ಸೈಕಲ್ ನಿಲ್ಲಿಸಿ, ಚೀಲ ಬಿಚ್ಚಿ, ರೇನ್‌ಕೋಟ್ ತೊಟ್ಟು, ಅದರ ಗುಂಡಿಗಳನ್ನು ಮೇಲಿನಿಂದ ಕೆಳಗಿನವರೆಗೆ ಹಾಕಿಕೊಳ್ಳುವಷ್ಟರಲ್ಲಿ ಮಳೆ ನಿಂತಿರುತ್ತದೆ. ಇರಲಿ, ತೊಟ್ಟಿದ್ದಾಯಿತಲ್ಲ ಎಂದು ಹಾಗೇ ತುಳಿದರೆ ಒಳಗಿನ ಬೆವರಿಗೆ ರವಿಕೆ ತೊಪ್ಪೆಯಾಗುತ್ತದೆ. ಬಿಚ್ಚಿ ಮಡಿಸಿ ಕ್ಯಾರಿಯರಿಗೆ ಸಿಕ್ಕಿಸಿದ ಕೂಡಲೇ, ಅದನ್ನೇ ಕಾಯುತ್ತಿದ್ದವರ ಹಾಗೆ ಮಳೆ ಮತ್ತೆ ಶುರು. ಮಳೆಯಲ್ಲಿ ನೆನೆಯಬೇಕೋ ಬೆವರಿನಲ್ಲಿ ನೆನೆಯಬೇಕೋ ಎಂಬುದಷ್ಟೇ ನನ್ನ ಆಯ್ಕೆ. ಅಂದಹಾಗೆ ಆ ರೇನ್‌ಕೋಟು ನಮ್ಮ ಯಜಮಾನರದು. ಅದನ್ನು ತೊಟ್ಟರೆ ನಾನು ಟಾರ್ಪಾಲು ಹೊದಿಸಿ ನಿಲ್ಲಿಸಿದ ಶುಂಠಿ ಲೋಡಿನ ಹಾಗೆ ಕಾಣುತ್ತೇನೆಂದು ಅವರೇ ಹೇಳಿದ್ದಾರೆ.

ಮುನ್ಸೂಚನೆ ನೋಡಿಕೊಂಡು ಹೊರಡಬಾರದೇ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಹವಾಮಾನ ಇಲಾಖೆಗಳು ಎರಡಿವೆ. ಒಂದು ನನ್ನ ಮೊಬೈಲು. ಅದು ಪ್ರತಿದಿನ ಒಂದು ಮೋಡ, ಅರ್ಧ ಸೂರ್ಯ ಮತ್ತು ಎರಡು ಹನಿಗಳ ಚಿತ್ರ ತೋರಿಸುತ್ತದೆ. ಹಾಗೆ ತೋರಿಸಿದರೆ ಯಾವ ದಿನವೂ ತಪ್ಪಾಗುವುದಿಲ್ಲವಲ್ಲ! ಇನ್ನೊಂದು ನಮ್ಮ ಅತ್ತೆ. ಅವರು ಹಿತ್ತಿಲ ಗೋಡೆಯ ಮೇಲಿನ ಇರುವೆ ಸಾಲನ್ನು ನೋಡಿ ಹೇಳುತ್ತಾರೆ. "ಇರುವೆ ಮೊಟ್ಟೆ ಹೊತ್ಕಂಡು ಮೇಲಕ್ ಓಯ್ತಾವೆ ಕಣವ್ವ, ಇವತ್ತು ಮಳೆ ಬತ್ತದೆ" ಎಂದರೆ ಮಳೆ ಬಂದೇ ಬರುತ್ತದೆ. ಆದರೆ ಎಷ್ಟು ಹೊತ್ತಿಗೆ ಎಂದು ಇರುವೆಗಳೂ ಹೇಳುವುದಿಲ್ಲ, ಅತ್ತೆಯೂ ಹೇಳುವುದಿಲ್ಲ. ಕೇಳಿದರೆ, "ಮಗೆ ಮಳೆ ಕಣೆ ಇದು. ಬಂದ್ರೆ ಮಗೆ, ಓದ್ರೆ ಒಗೆ. ಅದುಕ್ಕೆ ಟೈಮ್ ಕೇಳ್ದೋರುಂಟಾ?" ಎನ್ನುತ್ತಾರೆ. ಮಘಾ ನಕ್ಷತ್ರದ ಮಳೆ ಬಂದರೆ ಬಂತು, ಹೋದರೆ ಬರೀ ಹೊಗೆ ಎಂದು ಅರ್ಥ.

ಇಷ್ಟೆಲ್ಲ ಇದ್ದೂ ಸೈಕಲ್ಲೇ ಏಕೆ ಎಂದರೆ, ಅದಕ್ಕೆ ಮೊದಲು ನಾನು ಯಜಮಾನರ ಸ್ಕೂಟರಿನ ಹಿಂದೆ ಕೂತು ಹೋಗುತ್ತಿದ್ದೆ. ಅವರದು ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ. ಅಂಗಡಿಯನ್ನು ತೆಗೆಯಲು ಇಂಥದ್ದೇ ಹೊತ್ತು ಎಂಬ ಬಲವಂತ ಇಲ್ಲದ ಮನುಷ್ಯ. ನಾನು ಚಪ್ಪಲಿ ಮೆಟ್ಟಿ ಗೇಟಿನ ಹತ್ತಿರ ನಿಂತ ಮೇಲೆಯೇ ಅವರಿಗೆ ಗಡ್ಡ ಬೆಳೆದಿರುವುದು ನೆನಪಾಗುತ್ತಿತ್ತು. ಬಸ್ಸನ್ನು ನಂಬೋಣವೆಂದರೆ ಅದು ನಾನು ನಿಲ್ದಾಣ ತಲುಪುವ ಮೊದಲೋ, ನಾನು ಬೇಸತ್ತು ಆಟೊ ಹತ್ತಿದ ಮೇಲೋ ಬರುವ ಬಸ್ಸು. ಒಂದು ದಿನ ಪ್ರಾರ್ಥನೆ ಮುಗಿದ ಮೇಲೆ ಶಾಲೆಗೆ ಹೋಗಿ, ತಡವಾಗಿ ಬಂದ ಮಕ್ಕಳ ಸಾಲಿನಲ್ಲೇ ಹೆಡ್ಮಾಸ್ಟರ ಕಣ್ಣಿಗೆ ಬಿದ್ದೆ. ಆ ಭಾನುವಾರವೇ ಹಾಸನಕ್ಕೆ ಹೋಗಿ ಒಂದು ಲೇಡೀಸ್ ಸೈಕಲ್ ತಂದೆ. ಹುಡುಗಿಯಾಗಿದ್ದಾಗ ಚೆನ್ನಾಗಿ ತುಳಿಯುತ್ತಿದ್ದವಳು ನಾನು. ಮೊದಲ ದಿನ ಎರಡು ಸಲ ಮಾತ್ರ ಬಿದ್ದೆ, ಅದೂ ನಿಧಾನವಾಗಿ.

ಸೈಕಲ್ ತುಳಿಯುವುದು ಕಷ್ಟವಲ್ಲ. ತುಳಿಯುತ್ತಿರುವುದಕ್ಕೆ ಸಮಜಾಯಿಷಿ ಕೊಡುವುದು ಕಷ್ಟ. ಗಂಡಸೊಬ್ಬ ಮುಂಜಾನೆ ಬಣ್ಣದ ಬನಿಯನ್ ತೊಟ್ಟು ದುಬಾರಿ ಸೈಕಲ್ ಹೊಡೆದರೆ ಅದು ವ್ಯಾಯಾಮ. ನಲವತ್ತೇಳು ವರ್ಷದ ಹೆಂಗಸು ಸೀರೆಯುಟ್ಟು, ಊಟದ ಡಬ್ಬಿ ಇಟ್ಟುಕೊಂಡು ಹೊರಟರೆ ಅದು ಸಂಸಾರದ ಕಷ್ಟ. ಊರಾಚೆಯ ಟೀ ಅಂಗಡಿಯ ಬಸವಣ್ಣ ಮೊದಲ ದಿನ, "ಯಾಕ್ ಮೇಡಮ್ಮೋರೆ, ಬಸ್ ತಪ್ಪೋಯ್ತಾ?" ಎಂದು ಕೇಳಿದ. ಇಲ್ಲ, ಬೇಕೆಂದೇ ಹೋಗುತ್ತಿದ್ದೇನೆ ಎಂದೆ. ಮರುದಿನವೂ ಕೇಳಿದ. ಅದೇ ಉತ್ತರ ಕೊಟ್ಟೆ. ಮೂರನೆಯ ದಿನ ಮತ್ತೆ ಕೇಳಿದಾಗ, ಇವನಿಗೆ ಬೇಕಾಗಿರುವುದು ಉತ್ತರವಲ್ಲ, ಕಾರಣ ಎಂದು ಗೊತ್ತಾಯಿತು. ಸುಮ್ಮನೆ ತೊಲಗಲಿ ಎಂದು, "ದೇವರಿಗೆ ಹರಕೆ ಹೊತ್ತಿದ್ದೀನಿ" ಎಂದುಬಿಟ್ಟೆ. ಆ ಸಾಯಂಕಾಲ ನಮ್ಮತ್ತೆಯನ್ನು ನೋಡಲು ಬಂದ ನೆರೆಮನೆಯವರು, ಯಾವ ದೇವರು, ಏನಾಗಬೇಕಂತೆ, ಹುಡುಗನಿಗೆ ಮೈಸೂರಲ್ಲಿ ಹುಷಾರಿಲ್ಲವಾ ಎಂದು ಕಣ್ಣಲ್ಲಿ ನೀರು ತಂದುಕೊಂಡು ವಿಚಾರಿಸಿದರಂತೆ.

ದಾರಿಯಲ್ಲಿ ಮಕ್ಕಳದು ಇನ್ನೊಂದು ಕಾಟ. ನಮ್ಮ ಶಾಲೆಯ ಹುಡುಗ ಹುಡುಗಿಯರು ಗಾಳಿಗೆ ಸಿಕ್ಕ ಚಿಟ್ಟೆಗಳ ಹಾಗೆ ನನ್ನನ್ನು ಹಿಂದೆ ಹಾಕಿ ಹೋಗುತ್ತಾರೆ. ಹೋಗಲಿ, ವಯಸ್ಸು. ಆದರೆ ಒಬ್ಬೊಬ್ಬರೂ ಸರಿಯಾಗಿ ಏರಿನಲ್ಲೇ, ನಾನು ಬಾಯಿ ಬಿಟ್ಟು ಉಸಿರೆಳೆಯುತ್ತಿರುವಾಗಲೇ, "ಗುಡ್ ಮಾರ್ನಿಂಗ್ ಮಿಸ್" ಎನ್ನುತ್ತಾರೆ. ಉತ್ತರ ಕೊಡದಿದ್ದರೆ ಮಿಸ್‌ಗೆ ಜಂಬ. ಕೊಟ್ಟರೆ ಮಿಸ್‌ಗೆ ಉಸಿರಿಲ್ಲ. ನಮ್ಮ ಸಮಾಜ ವಿಜ್ಞಾನದ ಶಿವಣ್ಣನವರದು ಮತ್ತೂ ಬೇರೆ ರೀತಿ. ಅವರು ಕಾರಿನಲ್ಲಿ ಬರುತ್ತಾರೆ. ನನ್ನ ಪಕ್ಕದಲ್ಲಿ ಕಾರನ್ನು ನಿಧಾನ ಮಾಡಿ, ಗಾಜು ಇಳಿಸಿ, "ಬನ್ನಿ ಮೇಡಂ, ಹತ್ತಿ" ಎನ್ನುತ್ತಾರೆ. ಸೈಕಲ್ಲನ್ನು ಏನು ಮಾಡಲಿ ಎಂದರೆ, "ಅದೇ ಯೋಚನೆ ಮಾಡ್ಬೇಕು ನೋಡಿ" ಎಂದು ಗಾಜು ಏರಿಸಿ ಹೊರಟುಹೋಗುತ್ತಾರೆ. ಮಳೆ ಬಂದ ದಿನವೆಲ್ಲ ಈ ಉಪಚಾರ ತಪ್ಪುವುದಿಲ್ಲ.

ಎಲ್ಲರಿಗಿಂತ ಹೆಚ್ಚು ಕಂಗಾಲಾದವರು ನಮ್ಮ ಯಜಮಾನರು. ಅಂಗಡಿಗೆ ಬಂದವರೆಲ್ಲ, "ಏನ್ ನಾಗರಾಜಣ್ಣ, ಮೇಡಂ ಕೈಲಿ ಸೈಕಲ್ ತುಳಿಸ್ತಿದ್ದೀಯಲ್ಲಪ್ಪ" ಎನ್ನುತ್ತಾರಂತೆ. "ನಾನೆಲ್ಲಿ ತುಳಿಸ್ತಿದ್ದೀನಿ? ನೀನು ತುಳೀತಿದ್ದೀಯ. ಮಾನ ಮಾತ್ರ ನನ್ನದು ಹೋಗ್ತಿದೆ" ಎಂದು ದಿನವೂ ರಾಗ. ನಾನೂ ಬಿಡುವವಳಲ್ಲ. "ನಿಮ್ಮ ಮಾನ ಅಷ್ಟು ಹಗುರವಾಗಿದ್ದರೆ ಕ್ಯಾರಿಯರಿಗೆ ಕಟ್ಟಿ, ನಾನೇ ಶಾಲೆಗೆ ತೆಗೆದುಕೊಂಡು ಹೋಗ್ತೀನಿ" ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಸೈಕಲ್ಲಿನ ಮೇಲೆ ಕಳೆಯುವ ಹೊತ್ತು ನನ್ನ ದಿನದಲ್ಲಿ ಯಾರೂ ನನ್ನನ್ನು ಏನೂ ಕೇಳದ ಹೊತ್ತು, ಬಸವಣ್ಣನೊಬ್ಬನನ್ನು ಬಿಟ್ಟು. ಅದನ್ನು ನಾನು ಅಷ್ಟು ಸುಲಭವಾಗಿ ಬಿಟ್ಟುಕೊಡುತ್ತಿದ್ದೆನೇ?

ಬಿಟ್ಟುಕೊಡಬೇಕಾದ ದಿನವೂ ಬಂತು. ನಮ್ಮ ಶಾಲೆಯನ್ನು ತಂಬಾಕು ಮುಕ್ತ ಶಾಲೆ ಎಂದು ಘೋಷಿಸಿ ಗೇಟಿಗೆ ಬೋರ್ಡು ಹಾಕಬೇಕೆಂದು ಹೆಡ್ಮಾಸ್ಟರು ಚಂದ್ರೇಗೌಡರಿಗೆ ಆಸೆ. ಅವರು ಸ್ವತಃ ಸಿಗರೇಟು ಬಿಟ್ಟವರು. ಬಿಟ್ಟವರ ಉತ್ಸಾಹ ನಿಮಗೆ ಗೊತ್ತೇ ಇದೆ. ಅದಕ್ಕೊಂದು ಸಮಿತಿ ಬೇಕಿತ್ತು, ಸಮಿತಿಗೊಬ್ಬ ಸಂಚಾಲಕರು ಬೇಕಿತ್ತು. ಸುತ್ತಮುತ್ತ ಹತ್ತು ಊರಿನವರೂ ಹೊಗೆಸೊಪ್ಪು ಬೆಳೆಯುವ ಸೀಮೆಯಲ್ಲಿ ತಂಬಾಕಿನ ವಿರುದ್ಧ ಸಂಚಾಲಕರಾಗುವುದಕ್ಕೆ ಯಾರು ಮುಂದೆ ಬರುತ್ತಾರೆ? ಸಭೆ ನಡೆದ ದಿನ ನಾನು ಮಳೆಗೆ ಸಿಕ್ಕಿ ತಡವಾಗಿ ಹೋಗಿದ್ದೆ. ಹೋಗುವಷ್ಟರಲ್ಲಿ ನನ್ನನ್ನು ಅವಿರೋಧವಾಗಿ ಆರಿಸಿ ಕೂತಿದ್ದರು. ಶಾಲೆಯನ್ನು ಪರಿಶೀಲಿಸಲು ಹಾಸನದಿಂದ ಮೂರು ಜನ ಬರುವ ದಿನವೂ ನಿಗದಿಯಾಯಿತು. ಹಿಂದಿನ ಸಾಯಂಕಾಲ ಹೆಡ್ಮಾಸ್ಟರು ಫೋನ್ ಮಾಡಿದರು. "ಮೇಡಂ, ಕೈ ಮುಗೀತೀನಿ. ನಾಳೆ ಒಂದು ದಿನ ಆ ಸೈಕಲ್ ಬಿಟ್ಟು ಸ್ಕೂಟರಲ್ಲಿ ಬನ್ನಿ. ಪ್ರತಿಜ್ಞೆ ಬೋಧಿಸೋರೇ ನೀವು."

ಆಗಲಿ ಎಂದು ನಾನೂ ಒಪ್ಪಿದ್ದೆ. ಬೆಳಗ್ಗೆ ಮೈಸೂರು ಸಿಲ್ಕ್ ಅಲ್ಲದಿದ್ದರೂ ದೂರಕ್ಕೆ ಹಾಗೆ ಕಾಣುವ ಒಂದು ಸೀರೆಯನ್ನು ಇಸ್ತ್ರಿ ಮಾಡಿ ಉಟ್ಟೆ. ಯಜಮಾನರು ಅಂದು ಗಡ್ಡವನ್ನೂ ಬೇಗ ಮುಗಿಸಿ, ಸ್ಕೂಟರ್ ಒರೆಸಿ, ಗೇಟಿನ ಹತ್ತಿರ ನನಗಿಂತ ಮೊದಲು ಬಂದು ನಿಂತರು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. "ನೋಡಿದ್ಯಾಮ್ಮ," ಎಂದು ಅತ್ತೆಗೆ ಕೇಳುವ ಹಾಗೆ ಹೇಳಿದರು, "ದೊಡ್ಡೋರು ಬರ್ತಾರೆ ಅಂದ್ರೆ ಸ್ಕೂಟರೇ ಬೇಕು. ಸೈಕಲ್ಲಿನ ಶೌರ್ಯವೆಲ್ಲ ಬಸವಣ್ಣನ ಮುಂದೆ." ನಾನು ಆಕಾಶ ನೋಡಿದೆ. ತೊಳೆದಿಟ್ಟ ತಟ್ಟೆಯ ಹಾಗಿತ್ತು. ಊಟದ ಡಬ್ಬಿ ಹ್ಯಾಂಡಲಿಗೆ ಸಿಕ್ಕಿಸಿ ಸೈಕಲ್ ಹೊರಗೆ ತೆಗೆದೆ. "ಏ, ಏನೇ ಇದು? ತಮಾಷೆಗೆ ಅಂದೆ ಕಣೆ" ಎಂದು ಅವರು ಹಿಂದೆಯೇ ಬಂದರು. ಅತ್ತೆ ಹಿತ್ತಿಲಿನಿಂದ ಇರುವೆಗಳ ವಿಷಯ ಏನೋ ಕೂಗುತ್ತಿದ್ದರು. ಕೋಪದಲ್ಲಿ ಮನುಷ್ಯನಿಗೆ ರೇನ್‌ಕೋಟ್ ನೆನಪಾಗುವುದಿಲ್ಲ ಎಂಬುದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಕೆರೆ ಏರಿಯ ತನಕ ಬಿಸಿಲು ನನ್ನ ಪಕ್ಷದಲ್ಲಿತ್ತು. ಏರಿಯ ಮೇಲೆ ಹತ್ತಿದೆನೋ ಇಲ್ಲವೋ, ಕೆರೆಯ ಆಚೆ ದಡದ ಜೋಳದ ಹೊಲ ಕಾಣದಾಯಿತು. ಮಳೆ ನೀರಿನ ಮೇಲೆ ನಡೆದು ನನ್ನ ಕಡೆಗೇ ಬರುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ಅಲ್ಲಿ ಯಾವಾಗಲೂ ಅಡ್ಡಗಾಳಿ. ಆಷಾಢ ಕಳೆದು ಶ್ರಾವಣ ಬಂದರೂ ಆ ಜಾಗಕ್ಕೆ ಮಾತ್ರ ಪಂಚಾಂಗ ತಲುಪಿಲ್ಲ. ಗಾಳಿ ಸೈಕಲ್ಲಿನ ಹಿಂಚಕ್ರವನ್ನು ಹಿಡಿದು ಕೆರೆಯ ಕಡೆಗೆ ಎಳೆಯುತ್ತದೆ. ನಾನು ಮುಂಚಕ್ರವನ್ನು ರಸ್ತೆಯ ಕಡೆಗೆ ಎಳೆಯುತ್ತೇನೆ. ಆ ಜಗ್ಗಾಟ ಮುಗಿದು ಏರಿ ಇಳಿಯುವಷ್ಟರಲ್ಲಿ ಸೀರೆಯಿಂದ ಕಾಲುವೆ ಹರಿಯುತ್ತಿತ್ತು. ಒಂದು ಮರವೂ ಇಲ್ಲ. ಆಗ ಕಂಡದ್ದು ರಸ್ತೆ ಪಕ್ಕದ ಪುಟ್ಟಮ್ಮನ ಬ್ಯಾರನ್ನು.

ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಮಣ್ಣಿನ ಮನೆ. ಹಸಿರೆಲೆಯನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ಸಾಲುಸಾಲಾಗಿ ತೂಗುಹಾಕಿ, ಹೊರಗಿನಿಂದ ಒಲೆಗೆ ಸೌದೆ ಹಾಕಿ ಬಿಸಿ ಕೊಡುತ್ತಾರೆ. ಎಲೆ ಬಂಗಾರದ ಬಣ್ಣಕ್ಕೆ ತಿರುಗಿದ ಮೇಲೆ ಇಳಿಸುತ್ತಾರೆ. ಪುಟ್ಟಮ್ಮ ತನ್ನ ಬ್ಯಾರನ್ನಿನ ಚಪ್ಪರದ ಕೆಳಗೆ ಸೊಪ್ಪು ಬಿಚ್ಚುತ್ತ ಕೂತಿದ್ದವರು ನನ್ನನ್ನು ನೋಡಿ ಎದ್ದೇಬಿಟ್ಟರು. ಅರವತ್ತು ದಾಟಿದ ಗಟ್ಟಿ ಹೆಂಗಸು. ಆಸುಪಾಸಿನ ಮೂರು ಮನೆಗೆ ಅವರದೇ ಕಾನೂನು.

"ಅಯ್ಯೋ, ನೆಂದ ಕೋಳಿ ಆದಂಗೆ ಆಗವ್ರಲ್ಲವ್ವ ಮೇಡಮ್ಮೋರು! ಬನ್ನಿ ಒಳಿಕ್ಕೆ. ಆ ಸೀರೆ ಬಿಚ್ಚಿ ಕೊಡಿ ಇತ್ಲಾಗೆ."

"ಬೇಡ ಪುಟ್ಟಮ್ಮ, ಹೊತ್ತಾಯ್ತು. ಇವತ್ತು ಶಾಲೆಗೆ ಹಾಸನದಿಂದ ಸಾಹೇಬರು ಬರ್ತಾರೆ" ಎಂದೆ ಚಳಿಗೆ ಹಲ್ಲು ಕಟಕಟಿಸುತ್ತ.

"ಇಂಗೇ ಓದ್ರೆ ಸಾಯೇಬ್ರು ಎದ್ರುಕಂಡ್ ಓಡೋಯ್ತಾರೆ. ಬ್ಯಾರನ್ ನಿನ್ನೆ ಬೆಂದೈತೆ, ಬಾಗ್ಲು ಈಗ್ತಾನೆ ತಗ್ದಿವ್ನಿ. ಒಳಗಿನ್ನೂ ಕೆಂಡದಂಗೈತೆ. ಗಳಿಗೇಲಿ ಒಣಗೋಯ್ತದೆ ಕಣ್ರವ್ವ."

ಅವರು ತಮ್ಮದೊಂದು ಸೀರೆ ಕೊಟ್ಟರು. ನನ್ನ ಸೀರೆಯನ್ನು ಹಿಂಡಿ, ಒಳಗೆ ಬೆಂದ ಸೊಪ್ಪಿನ ಸಾಲುಗಳ ನಡುವೆ ಖಾಲಿಯಾದ ಕಡ್ಡಿಯ ಮೇಲೆ ಹರಡಿದರು. ಒಂದು ಲೋಟ ಬೆಲ್ಲದ ಕಾಫಿಯೂ ಬಂತು. ಒಲೆಯ ಬಾಯಿಯ ಮುಂದೆ ಕೂತು ಕುಡಿಯುತ್ತಿದ್ದರೆ ಆ ಹೊತ್ತಿಗೆ ಸ್ವರ್ಗ ಅಷ್ಟು ದೂರದಲ್ಲಿರಲಿಲ್ಲ. "ಅಲ್ಲ ಮೇಡಂ, ಸಾಯೇಬ್ರು ಬರೋದು ಯಾತಕ್ಕೆ?" ಎಂದು ಪುಟ್ಟಮ್ಮ ಕೇಳಿದರು. ಅವರ ಸೀರೆ ನನ್ನ ಮೈಮೇಲೆ, ಅವರ ಕಾಫಿ ನನ್ನ ಕೈಯಲ್ಲಿ, ನನ್ನ ಸೀರೆ ಅವರ ಹೊಗೆಸೊಪ್ಪಿನ ಜೊತೆಯಲ್ಲಿ. ಹೊಗೆಸೊಪ್ಪು ಕೆಟ್ಟದ್ದು ಎಂದು ಭಾಷಣ ಮಾಡುವುದಕ್ಕೆ ಹೋಗುತ್ತಿದ್ದೇನೆ ಎಂದು ಯಾವ ಬಾಯಲ್ಲಿ ಹೇಳಲಿ? "ಆರೋಗ್ಯದ ವಿಚಾರ" ಎಂದೆ. "ಊಂ, ಮಳೆಗಾಲ ಅಲ್ವಾ, ನೆಗಡಿ ಕೆಮ್ಮು ಜಾಸ್ತಿ" ಎಂದು ಅವರೇ ನನ್ನನ್ನು ಪಾರುಮಾಡಿದರು.

ಕಾಫಿ ಮುಗಿಯುವಷ್ಟರಲ್ಲಿ ಮಳೆ ನಿಂತು, ಏನೂ ನಡೆದೇ ಇಲ್ಲವೆಂಬಂತೆ ಬಿಸಿಲು ಬಂತು. ಸೀರೆ ಹಪ್ಪಳದ ಹಾಗೆ ಗರಿಗರಿಯಾಗಿತ್ತು. ಉಟ್ಟುಕೊಂಡು, ಪುಟ್ಟಮ್ಮನಿಗೆ ಕೈಮುಗಿದು, ಶಾಲೆಗೆ ಹಾರಿದೆ. ವಾಸನೆ ಬಂತೇ ಎಂದು ನೀವು ಕೇಳಿದರೆ, ಇಲ್ಲ. ಅಷ್ಟು ಹೊತ್ತು ಬ್ಯಾರನ್ನಿನಲ್ಲಿ ಕೂತ ಮೂಗು ಅದನ್ನೇ ಗಾಳಿ ಎಂದು ತಿಳಿದುಕೊಂಡಿತ್ತು.

ಶಾಲೆಯಲ್ಲಿ ಪರಿಶೀಲನೆಯವರು ಆಗಲೇ ಬಂದಿದ್ದರು. ಮುಖ್ಯಸ್ಥೆ ಕನ್ನಡಕದ ಡಾಕ್ಟರಮ್ಮ. ಜೊತೆಗೆ ಇಬ್ಬರು ಗಂಡಸರು. ಹೆಡ್ಮಾಸ್ಟರು ನನ್ನ ಒಣಗಿದ ಸೀರೆ ನೋಡಿ, ಸದ್ಯ ಸ್ಕೂಟರಲ್ಲಿ ಬಂದರು ಎಂದು ಸಮಾಧಾನದ ಉಸಿರು ಎಳೆದುಕೊಂಡರು. ಆ ಉಸಿರು ಅರ್ಧಕ್ಕೇ ನಿಂತಿತು. ಮೂಗು ಎತ್ತಿ ಆಚೀಚೆ ನೋಡಿದರು. ಸಿಗರೇಟು ಬಿಟ್ಟ ಮನುಷ್ಯ. ಕಣ್ಣು ಕೂಡ ಸ್ವಲ್ಪ ಒದ್ದೆಯಾಯಿತು. ನಾವೆಲ್ಲ ಎಂಟನೇ ತರಗತಿಗೆ ಹೋದೆವು. ಡಾಕ್ಟರಮ್ಮ ಬಾಗಿಲಲ್ಲೇ ನಿಂತು, "ಇಲ್ಲೇನೋ ವಾಸನೆ ಇದೆಯಲ್ಲ ಸಾರ್" ಎಂದರು. ಕಿಟಕಿ ತೆಗೆಸಿದರು. ಒಂಬತ್ತನೇ ತರಗತಿಗೆ ಹೋದೆವು. "ಇಲ್ಲೂ ಇದೆ." ಗ್ರಂಥಾಲಯಕ್ಕೆ ಹೋದೆವು, ಬಿಸಿಯೂಟದ ಕೋಣೆಗೆ ಹೋದೆವು. ಹೋದಲ್ಲೆಲ್ಲ ತಂಬಾಕು ನಮಗಿಂತ ಮೊದಲೇ ಹೋಗಿ ನಿಂತಿತ್ತು. ನಾನಂತೂ ಸಂಚಾಲಕಿಯ ಕರ್ತವ್ಯವೆಂದು ಎಲ್ಲರಿಗಿಂತ ಮುಂದೆ ನಡೆಯುತ್ತ ಬಾಗಿಲುಗಳನ್ನು ತೆಗೆಯುತ್ತಿದ್ದೆ.

ಹೆಡ್ಮಾಸ್ಟರು ಶಿವಣ್ಣನವರನ್ನು ಕಂಬದ ಮರೆಗೆ ಎಳೆದುಕೊಂಡು ಹೋದರು. "ಇವತ್ತೊಂದು ದಿನ ತಡ್ಕೊಳ್ಳೋಕೆ ಆಗ್ಲಿಲ್ವೇನ್ರೀ?"

"ದೇವರಾಣೆಗೂ ಸಾರ್, ಇವತ್ತು ಜೇಬು ಖಾಲಿ!" ಎಂದರು ಶಿವಣ್ಣ. ಮಿಕ್ಕ ದಿನಗಳ ವಿಷಯ ಅಲ್ಲಿಗೆ ಬಯಲಾಯಿತು. ನಾನು ಕೂಡ ಒಬ್ಬ ಸಂಚಾಲಕಿಗೆ ತಕ್ಕ ಹಾಗೆ ಅವರನ್ನು ದುರುಗುಟ್ಟಿ ನೋಡಿದೆ.

ಕಡೆಗೆ ಮಕ್ಕಳನ್ನೆಲ್ಲ ಅಂಗಳದಲ್ಲಿ ಕೂರಿಸಿ ಸಭೆ. ನಾನು ಪ್ರತಿಜ್ಞೆ ಬೋಧಿಸಿದೆ. ಮುಂದಿನ ಸಾಲಿನ ಮಕ್ಕಳು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿಯುತ್ತ ನಗುತ್ತಿದ್ದರು. ನಾನು ಕಣ್ಣು ಬಿಟ್ಟೆ, ಸುಮ್ಮನಾದರು. ಡಾಕ್ಟರಮ್ಮ ಎದ್ದು ನಿಂತು ಕೇಳಿದರು: "ಮಕ್ಕಳೇ, ಈ ಶಾಲೆಯೊಳಗೆ ಯಾರಾದರೂ ತಂಬಾಕು ಉಪಯೋಗಿಸೋದನ್ನ ನೀವು ನೋಡಿದ್ದೀರಾ? ಹೆದರಬೇಡಿ. ನಿಜ ಹೇಳಿ."

ಒಂಬತ್ತನೇ ತರಗತಿಯ ಭೂಮಿಕಾ ಎದ್ದು ನಿಂತಳು. ಲೆಕ್ಕದಲ್ಲಿ ಜಾಣೆ. ನಿಜ ಹೇಳಬೇಕೆಂದು ನಾನೇ ಕಲಿಸಿದ ಹುಡುಗಿ.

"ನೋಡಿಲ್ಲ ಮಿಸ್. ಆದ್ರೆ ನಮ್ ಮಿಸ್ ಹತ್ರ ಹೊಗೆಸೊಪ್ಪಿನ ವಾಸ್ನೆ ಬತ್ತೈತೆ."

ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ನನ್ನ ಹತ್ತಿರ ಬಂದರು. ಇನ್ನೂ ಹತ್ತಿರ ಬಂದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದರು. ಶಿವಣ್ಣನವರ ಮುಖದಲ್ಲಿ ಮೂಡಿದ ಕಳೆಯನ್ನು ನಾನು ವರ್ಣಿಸಲಾರೆ. ನಾನು ಸೆರಗನ್ನು ಮೂಗಿಗೆ ಹಿಡಿದೆ. ಆಗಷ್ಟೇ ನನಗೂ ಗೊತ್ತಾಯಿತು. ಸೀರೆಗೆ ಸೀರೆಯೇ ಒಂದು ಹೊರೆ ಹೊಗೆಸೊಪ್ಪು. ಮುನ್ನೂರು ಮಕ್ಕಳ ಮುಂದೆ, ಮೂವರು ಅಧಿಕಾರಿಗಳ ಮುಂದೆ, ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದೆ. ಏರಿ, ಗಾಳಿ, ಮಳೆ, ಬ್ಯಾರನ್, ಕಡ್ಡಿ, ಎಲ್ಲ. ಹೇಳಿ ಮುಗಿಸಿ, ಶಾಲೆಯ ಬೋರ್ಡಿಗೆ ನನ್ನಿಂದಲೇ ಕುತ್ತು ಬಂತಲ್ಲ ಎಂದು ತಲೆ ತಗ್ಗಿಸಿ ನಿಂತೆ. ಡಾಕ್ಟರಮ್ಮ ಬಹಳ ಗಂಭೀರವಾಗಿ ಯೋಚಿಸಿ ಕೇಳಿದರು:

"ಸೈಕಲ್ಲಾ? ಯಾಕೆ ಮೇಡಂ, ನಿಮ್ಮೂರಿಂದ ಬಸ್ಸಿಲ್ವಾ?"

ಮಕ್ಕಳು ಬಿದ್ದು ಬಿದ್ದು ನಕ್ಕರು. ಡಾಕ್ಟರಮ್ಮನೂ ನಕ್ಕರು. ನಾನೊಬ್ಬಳು ನಗಲಿಲ್ಲ. ಗದ್ದಲ ಇಳಿದ ಮೇಲೆ ನೋಡಿದರೆ ಭೂಮಿಕಾ ಇನ್ನೂ ನಿಂತೇ ಇದ್ದಳು. "ಮಿಸ್, ನಮ್ಮನೇಲೂ ಬ್ಯಾರನ್ ಐತೆ. ನಾನು ರಜದಲ್ಲಿ ಸೊಪ್ಪು ಕಟ್ತೀನಿ. ಈಗ ಪ್ರತಿಜ್ಞೆ ತಗಂಡಿದ್ದೀನಲ್ಲ, ಕಟ್ಟೋದಾ ಬಿಡೋದಾ?" ಈ ಸಲ ಯಾರೂ ನಗಲಿಲ್ಲ. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸುತ್ತ, "ಸೇದಬೇಡ, ಜಗಿಯಬೇಡ. ಕಟ್ಟೋ ವಿಚಾರ ನನಗೂ ಗೊತ್ತಿಲ್ಲ ಮರಿ. ನಿಮ್ಮಪ್ಪ ಅಮ್ಮನ ಹತ್ರ ಮಾತಾಡು, ಕಟ್ಟಿದ ಮೇಲೆ ಕೈ ಚೆನ್ನಾಗಿ ತೊಳ್ಕೊ" ಎಂದರು. ಸಂಚಾಲಕಿ ಏನಾದರೂ ಹೇಳಬೇಕಿತ್ತೇನೋ. ಆ ಪ್ರಶ್ನೆ ಗಣಿತದ್ದಲ್ಲ ಎಂದು ನಾನು ಸೀರೆಯ ಅಂಚನ್ನು ನೋಡುತ್ತ ನಿಂತೆ.

ಹೊರಡುವಾಗ ಡಾಕ್ಟರಮ್ಮ ಹೆಡ್ಮಾಸ್ಟರಿಗೆ, "ನಿಮ್ಮ ಶಾಲೆ ಚೆನ್ನಾಗಿದೆ, ಬೋರ್ಡು ಹಾಕಿಸಿ. ಮೇಡಂ ಅವರನ್ನು ಮಾತ್ರ ಸ್ವಲ್ಪ ಗಾಳಿಗೆ ಹರಡಿ" ಎಂದರು. ಬೋರ್ಡೇನೋ ಸಿಕ್ಕಿತು. ಆದರೆ ಹೆಡ್ಮಾಸ್ಟರು ನನಗೊಂದು ಮಾತೂ ಹೇಳದೆ, ನೇರವಾಗಿ ನಮ್ಮ ಯಜಮಾನರಿಗೆ ಫೋನ್ ಹಚ್ಚಿದರು. "ಬಂದು ನಿಮ್ಮ ಮನೆಯವರನ್ನ ಕರ್ಕೊಂಡು ಹೋಗಿ ಸಾರ್" ಎಂದರಂತೆ. ತುಂಟ ಹುಡುಗರ ಅಪ್ಪಂದಿರನ್ನು ಕರೆಸುವಾಗಲೂ ಅವರು ಅದೇ ದನಿಯಲ್ಲಿ ಮಾತಾಡುತ್ತಾರೆ.

ಮಧ್ಯಾಹ್ನದ ಮೇಲೆ ಮಳೆ ಮತ್ತೆ ಹಿಡಿಯಿತು. ಶಾಲೆ ಬಿಡುವ ಹೊತ್ತಿಗೆ ನಿಂತಿತು. ಯಜಮಾನರ ಸ್ಕೂಟರು ಗೇಟಿನ ತನಕ ಬಂದು, ಎರಡು ಸಲ ಕೆಮ್ಮಿ, ಆರಿಹೋಯಿತು. ಮೋರಿಯ ಹತ್ತಿರ ರಸ್ತೆ ಮೇಲೆ ಹರಿಯುತ್ತಿದ್ದ ನೀರಿನಲ್ಲಿ ನುಗ್ಗಿಸಿಕೊಂಡು ಬಂದಿದ್ದರು. ಪ್ಯಾಂಟು ಮೊಣಕಾಲಿನವರೆಗೆ ಕೆಸರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಸ್ಕೂಟರನ್ನು ಒದೆಯಲು ಶುರುಮಾಡಿದರು. ಅದು ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಲಿಲ್ಲ. ಶಿವಣ್ಣ ಎಂದಿನಂತೆ ಗಾಜು ಇಳಿಸಿ, ಪರಿಸ್ಥಿತಿ ವಿಚಾರಿಸಿ, ಗಾಜು ಏರಿಸಿಕೊಂಡು ಹೋದರು. ಬಸ್ಸು ಬರಬೇಕಾದ ಹೊತ್ತಿಗೆ ಬರಲಿಲ್ಲ. ಕಡೆಗೆ ಸ್ಕೂಟರನ್ನು ಶಾಲೆಯ ವರಾಂಡದಲ್ಲಿ ನಿಲ್ಲಿಸಿ ಇಬ್ಬ­ರೂ ಸೈಕಲ್ಲಿನ ಎರಡು ಕಡೆ ನಿಂತೆವು.

"ಹತ್ತು, ನಾನು ತುಳೀತೀನಿ" ಎಂದರು. ನಾನು ಹಿಂದೆ ಕೂತೆ. ಸೈಕಲ್ಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡಿ, ಶಾಲೆಯ ಕಾಂಪೌಂಡಿಗೇ ಒರಗಿ ನಿಂತಿತು. ಎರಡನೆಯ ಸಲ ಇನ್ನೂ ಸ್ವಲ್ಪ ದೂರ ಹೋಗಿ ಒಂದು ಶುಂಠಿ ಹೊಲದ ಬದುವಿಗೆ ಇಳಿಯಿತು. ಅವರ ಉಸಿರು ಕುಲುಮೆಯ ತಿದಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. "ಇಳೀರಿ" ಎಂದೆ. ಇಳಿದರು. ನಾನು ನೆರಿಗೆಗೆ ಕ್ಲಿಪ್ಪು ಹಾಕಿ ಮುಂದೆ ಕೂತೆ. ಅವರು ಸುತ್ತಮುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆ ನೋಡಿ, ಹಿಂದೆ ಕೂತರು.

ಸ್ವಲ್ಪ ದೂರ ಹೋದೆವು. ಆಮೇಲೆ ಹಿಂದಿನಿಂದ, "ಹೆಡ್ಮಾಸ್ಟರು ಫೋನ್ ಮಾಡಿದಾಗ ಏನಂದ್ಕೊಂಡೆ ಗೊತ್ತಾ?" ಎಂದರು.

"ಏನು?"

"ಎಲ್ಲೋ ಬಿದ್ದುಬಿಟ್ಟಿದ್ದಾಳೆ ಅಂದ್ಕೊಂಡೆ. ಮಳೆ ಬಂದಾಗೆಲ್ಲ ಅಂಗಡಿ ಬಾಗ್ಲಿಗೆ ಬಂದು ನಿಂತ್ಕೋತೀನಿ ಕಣೆ. ಎರಡು ಕಾಪಿ ಕೇಳಿದೋರಿಗೆ ನಾಲ್ಕು ಹೊಡೆದು ಕೊಡ್ತೀನಿ."

"ಮತ್ತೆ ಮಾನ ಹೋಗ್ತಿದೆ ಅಂತಿದ್ರಲ್ಲ?"

"ಅದೂ ಇದೆ" ಎಂದರು.

ನಗು ಬಂತು. ಆದರೆ ಮುಂದೆ ಕೂತು ನಕ್ಕರೆ ಹಿಂದಿನವರಿಗೆ ಕಾಣುವುದಿಲ್ಲವಲ್ಲ, ಅದೊಂದು ಅನುಕೂಲ. ಅಷ್ಟರಲ್ಲಿ ಕೆರೆ ಏರಿ ಬಂತು. ನಾನು ಹ್ಯಾಂಡಲ್ ಬಿಗಿಹಿಡಿದು, ಹಲ್ಲು ಕಚ್ಚಿ, ಅಡ್ಡಗಾಳಿಗೆ ಸಿದ್ಧಳಾದೆ. ಗಾಳಿ ಬಂತು. ಸೆರಗನ್ನು ಹಾರಿಸಿತು, ಯಜಮಾನರ ತಲೆಯ ಉಳಿದ ಕೂದಲನ್ನೂ ಎಬ್ಬಿಸಿ ನಿಲ್ಲಿಸಿತು. ಸೈಕಲ್ಲು ಮಾತ್ರ ಅಲುಗಲಿಲ್ಲ. ಹಳಿಯ ಮೇಲೆ ಹೋಗುವ ಗಾಡಿಯ ಹಾಗೆ ನೆಟ್ಟಗೆ ಹೋಯಿತು. ಕಾಲು ನೋಯುತ್ತಿದ್ದದ್ದು ನಿಜ. ಆದರೆ ಇಷ್ಟು ದಿನದಲ್ಲಿ ಆ ಏರಿಯನ್ನು ಕೆರೆಯ ಕಡೆ ನೋಡಿಕೊಂಡು ದಾಟಿದ್ದು ಅದೇ ಮೊದಲು. ಹುಂಡುಕೋಳಿಗಳು ನೀರಿನ ಮೇಲೆ ಸಾಲಾಗಿ ಹೋಗುತ್ತಿದ್ದವು. "ಭಾರ ಆಯ್ತೇನೆ? ಇಳೀಲಾ?" ಎಂದು ಅವರು ಕೇಳಿದರು. "ಕೂತಿರಿ, ಏರಿ ದಾಟಲಿ" ಎಂದೆ. ಏರಿ ದಾಟಿದ ಮೇಲೂ ಇಳಿಯಿರಿ ಎನ್ನಲಿಲ್ಲ.

ಸ್ಕೂಟರು ರಿಪೇರಿಯಾಗಿ ಬಂದಿದೆ. ನಾನು ಈಗಲೂ ಸೈಕಲ್ಲಿನಲ್ಲೇ ಹೋಗುತ್ತೇನೆ. ಶಾಲೆಯ ಬೀರುವಿನಲ್ಲಿ ಒಂದು ಸೀರೆ ಇಟ್ಟಿದ್ದೇನೆ. ಗಾಳಿ ಜೋರಾಗಿರುವ ದಿನ ಕ್ಯಾರಿಯರಿಗೆ ಹಳೆಯ ಗಣಿತ ಪುಸ್ತಕಗಳ ದೊಡ್ಡ ಕಟ್ಟೊಂದನ್ನು ಬಿಗಿದುಕೊಂಡು ಹೊರಡುತ್ತೇನೆ. ಅದು ಹಿಂದೆ ಕೂತಿದ್ದರೆ ಏರಿಯ ಮೇಲೆ ಸೈಕಲ್ಲು ಅಷ್ಟಾಗಿ ಓಲಾಡುವುದಿಲ್ಲ. ಯಜಮಾನರು ಗೇಟಿನ ಹತ್ತಿರ ನಿಂತು ಆ ಕಟ್ಟನ್ನು ನೋಡಿ, "ಈ ವಯಸ್ಸಿನಲ್ಲೂ ಎಷ್ಟು ಓದ್ತಾಳೆ ನೋಡಮ್ಮ" ಎಂದು ಅತ್ತೆಯ ಹತ್ತಿರ ಹೆಮ್ಮೆಪಡುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಓದುವುದಕ್ಕಲ್ಲ, ಭಾರಕ್ಕೆ ಎಂದರೆ, ಯಾರ ಭಾರದ ಬದಲಿಗೆ ಎಂದು ಅವರು ಕೇಳಿಯೇ ಕೇಳುತ್ತಾರೆ.